ಸಿಂಕ್ ನಿಂತಿದೆ

"ಈ ಸಿಂಕಿಗೆ ಅಂಥಾದ್ದು ಏನಾಗಿದೆ?"

ಚಹಾ ಕೋಣೆಯ ಕಟ್ಟೆಯ ಕೆಳಗಿನಿಂದ ಬಂದ ಮಾತು. ಕೇಳಿದವನ ಮುಖ ಕಾಣುತ್ತಿರಲಿಲ್ಲ. ಎರಡು ಕಾಲು, ಒಂದು ಬಕೆಟ್ಟು, ಒಂದು ಸ್ಪ್ಯಾನರ್ ಇಷ್ಟೇ ಹೊರಗಿದ್ದವು. ಯಾರನ್ನೋ ಉದ್ದೇಶಿಸಿ ಕೇಳಿದ್ದಲ್ಲ. ಪೈಪಿನ ಜೊತೆಗೇ ಸುಖದುಃಖ ಮಾತಾಡಿಕೊಂಡ ಹಾಗಿತ್ತು. ಆದರೂ ಹೊರಗಿನ ಮೇಜಿನಲ್ಲಿ ಕೂತಿದ್ದ ಟೈಮಮ್ಮನ ಕಿವಿಗೆ ಬಿತ್ತು.

ಟೈಮಮ್ಮನ ಕಿವಿಗೆ ಬೀಳದ ಮಾತು ಆ ಕ್ಲಿನಿಕ್ಕಿನಲ್ಲಿ ಕಡಿಮೆ. ಅವಳು ಆಡುವವಳಲ್ಲ, ಕೇಳುವವಳು. ಅವಳ ಅಜ್ಜಿ ಬೆಳಿಗ್ಗೆ ಎದ್ದರೆ ಕಸ ಗುಡಿಸುತ್ತಾ, ಬಟ್ಟೆ ಮಡಿಸುತ್ತಾ ದೇವರ ಪದ್ಯಗಳನ್ನು ಹೇಳುತ್ತಲೇ ಇರುತ್ತಿದ್ದಳು. ಉಸಿರು ಎಲ್ಲಿ ನಿಲ್ಲುತ್ತದೆ, ನಿಂತಲ್ಲಿಂದ ಮುಂದಿನ ಸಾಲು ಹೇಗೆ ಎದ್ದು ಬರುತ್ತದೆ ಎಂಬುದನ್ನು ಹೊದಿಕೆಯೊಳಗೇ ಕೇಳಿಸಿಕೊಂಡು ಬೆಳೆದವಳು ಇವಳು. ಆ ಕಿವಿ ಈಗ ಕೆಲಸಕ್ಕೆ ಬರುತ್ತಿತ್ತು. ಇದು ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಕ್ಲಿನಿಕ್ಕು. ಮುಚ್ಚಿದ ಬಾಗಿಲ ಹಿಂದೆ ಯಾರೋ ಒಂದು ಪದಕ್ಕಾಗಿ ಒದ್ದಾಡುತ್ತಿದ್ದರೆ, ಈಗ ಬಂತು, ಇನ್ನೇನು ಬಂತು ಎಂದು ಹೊರಗೆ ಕೂತವಳಿಗೆ ತಿಳಿದುಬಿಡುತ್ತಿತ್ತು. ಬಂದಾಗ ಮನಸ್ಸಿನಲ್ಲೇ ದೇವರಿಗೊಂದು ಕೈ ಮುಗಿದು, ಮತ್ತೆ ಕಂಪ್ಯೂಟರಿನ ಕಡೆ ತಿರುಗುತ್ತಿದ್ದಳು.

ಯಾರಿಗೆ ಯಾವ ಟೈಮು ಎಂದು ಬರೆದು, ಕರೆದು, ಹೇಳುವುದೇ ಅವಳ ಕೆಲಸ. ಹಾಗಾಗಿ ಟೈಮಮ್ಮ. ಅವಳ ನಿಜವಾದ ಹೆಸರು ಬಾಗಿಲ ಪಕ್ಕದ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು.

ಅವಳು ಎದ್ದು ಚಹಾ ಕೋಣೆಗೆ ಹೋದಳು. ಪ್ಲಂಬರ್ ಹೊರಗೆ ತೂರಿ ಬಂದು ಕೂತು, ಪ್ಯಾಂಟಿಗೆ ಕೈ ಒರೆಸಿಕೊಂಡ.

"ಅಕ್ಕಾ, ನೀವೇ ನೋಡಿ. ನೀರು ಬಿಟ್ರೆ ಗಟಗಟ ಅಂತ ಕುಡೀತಿದೆ. ಹೋದ ಸಲ ಕರೆಸಿದಾಗಲೂ ಹೀಗೇ ಇತ್ತು. ಅದರ ಹಿಂದಿನ ಸಲಾನೂ ಹೀಗೇ. ಗುಂಡುಕಲ್ಲಿನ ಹಾಗಿರೋ ಸಿಂಕನ್ನ ಎಷ್ಟು ಸಲ ಅಂತ ಬಿಚ್ಚಲಿ ನಾನು? ಅದಕ್ಕೂ ಒಂದು ಮಾನ ಇರಲ್ವಾ?"

"ನಿನ್ನ ಕರೆಸಿದ್ದು ಯಾರಪ್ಪಾ? ನಾನಂತೂ ಹೇಳಿಲ್ಲ."

"ಮೇಲಿನ ಸಾಹೇಬ್ರು. ಮೆಸೇಜೇ ಕಳಿಸಿದಾರೆ, ನೋಡಿ ಬೇಕಾದ್ರೆ."

ಅವನು ಫೋನು ಮುಂದೆ ಹಿಡಿದ. ಟೈಮಮ್ಮ ಕನ್ನಡಕ ಸರಿಮಾಡಿಕೊಂಡು ಓದಿದಳು. "ಸಿಂಕ್ ಮತ್ತೆ ನಿಂತಿದೆ. ಎಲ್ಲಾ ಒಂದರ ಮೇಲೊಂದು ಬೀಳ್ತಿದೆ. ದಯವಿಟ್ಟು ಬೇಗ ಸರಿಮಾಡಿಸಿ." ಅದರ ಕೆಳಗೆ ಬೇರೆಯವರ ಕೈಯಿಂದ ಇನ್ನೊಂದು ಸಾಲು: "ಪಾತ್ರೆ ರಾಶಿ ಬಿದ್ದಿರಬೇಕು, ಹೋಗಿ ನೋಡು."

ಮೊದಲ ಸಾಲುಗಳು ಅವಳವೇ. ಅವಳೇ ಬರೆದು, ಅವಳೇ ಕಳಿಸಿದ್ದು.

ಮೊದಲು ನಗು ಬಂತು. ಗಂಟಲವರೆಗೆ ಬಂದ ನಗು ಅಲ್ಲೇ ತಿರುಗಿ ಬೇರೇನೋ ಆಯಿತು. ಕಟ್ಟೆ ಹಿಡಿದು ನಿಂತುಕೊಂಡಳು.

"ಯಾಕಕ್ಕಾ, ಏನಾಯ್ತು?"

"ಏನಿಲ್ಲಪ್ಪಾ. ನೀನು ಹೊರಡು. ಸಿಂಕ್ ಸರಿಯಾಗಿದೆ. ಕೆಟ್ಟಿರೋದು ಬೇರೆ ಸಿಂಕು."

"ಎಲ್ಲಿದೆ ತೋರಿಸಿ, ಅದನ್ನೂ ನೋಡೇಬಿಡ್ತೀನಿ," ಎಂದ ಅವನು, ಸ್ಪ್ಯಾನರ್ ಎತ್ತಿಕೊಂಡು.

ಕೆಟ್ಟ ಆ ಇನ್ನೊಂದು ಸಿಂಕಿನ ಕತೆ ಇಷ್ಟು. ಡಾಕ್ಟರು ಬೆಳಗಿನ ಹೊತ್ತು ದೊಡ್ಡಾಸ್ಪತ್ರೆಯಲ್ಲಿರುತ್ತಾರೆ. ಮಧ್ಯಾಹ್ನದ ಮೇಲೆ ಕೆಲವು ದಿನ ಇಲ್ಲಿ, ಕೆಲವು ದಿನ ಊರಾಚೆಯ ಇನ್ನೊಂದು ಕ್ಲಿನಿಕ್ಕಿನಲ್ಲಿ. ಎಲ್ಲಿಗೆ ಯಾವಾಗ ಹೋಗಬೇಕು ಎಂದು ಅವರು ನೋಡುವುದು ತಮ್ಮ ಮೊಬೈಲಿನ ಕ್ಯಾಲೆಂಡರನ್ನು. ಟೈಮಮ್ಮ ಇಲ್ಲಿ ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ರೋಗಿಯ ಹೆಸರು ಹಾಕಿದರೆ, ಅದು ತಾನಾಗಿ ಅಲ್ಲಿ ಅವರ ಮೊಬೈಲಿನಲ್ಲಿ ಮೂಡಬೇಕು. ಅವರು ಅಲ್ಲಿ ಹಾಕಿದ್ದು ಇಲ್ಲಿ ಇವಳಿಗೆ ಕಾಣಬೇಕು. ಎರಡೂ ಒಂದೇ ಮನಸ್ಸಿನಲ್ಲಿರಬೇಕು. ಆ ಹೊಂದಾಣಿಕೆಗೆ ಎಲ್ಲರೂ ಹೇಳುವ ಹಾಗೆ ಅವಳೂ ಸಿಂಕ್ ಎನ್ನುತ್ತಿದ್ದಳು.

ಒಂದಷ್ಟು ಕಾಲದಿಂದ ಅದು ನಿಂತುಹೋಗಿತ್ತು. ಇವಳು ಹಾಕಿದ್ದು ಅಲ್ಲಿಗೆ ಹೋಗುತ್ತಿರಲಿಲ್ಲ, ಅವರು ಹಾಕಿದ್ದು ಇಲ್ಲಿಗೆ ಬರುತ್ತಿರಲಿಲ್ಲ. ಒಂದೇ ಹೊತ್ತಿಗೆ ಇಬ್ಬರು ಬಂದು ಎದುರುಬದುರು ಕೂರುತ್ತಿದ್ದರು. ಒಬ್ಬರಿಗೆ ಕ್ಷಮೆ ಕೇಳಿ ಇವಳೇ ಮನೆಗೆ ಕಳಿಸಬೇಕು. ಫೋನ್ ಮಾಡಿ ಹೇಳೋಣವೆಂದರೆ ಡಾಕ್ಟರು, "ರೋಗಿ ಎದುರಿಗಿರುವಾಗ ಕಾಲ್ ಮಾಡಬೇಡಿ. ಕ್ಯಾಲೆಂಡರ್‌ನಲ್ಲಿ ಹಾಕಿ, ಸಾಕು," ಎಂದು ಕಟ್ಟಪ್ಪಣೆ ಮಾಡಿದ್ದರು. ಚೀಟಿ ಬರೆದು ಅವರ ಮೇಜಿನ ಮೇಲಿಟ್ಟರೆ, "ಇನ್ನೂ ಚೀಟಿ ಕಾಲದಲ್ಲೇ ಇದೀರಲ್ಲಾ," ಎಂದು ನಕ್ಕಿದ್ದರು. ಎದುರಿಗೇ ನಿಂತು ಸಿಂಕ್ ಕೆಟ್ಟಿದೆ ಎಂದಾಗ, "ಈ ಯಂತ್ರಗಳ ಗೋಜು ನನಗೆ ಬೇಡ. ನನ್ನ ಭಾವಮೈದನಿಗೆ ಹೇಳಿ," ಎಂದು ಒಳಗೆ ಹೋಗಿದ್ದರು.

ಭಾವಮೈದ ಮಹಡಿಯ ಮೇಲಿನ ಕೋಣೆಯಲ್ಲಿ ಕೂರುವವನು. ಕ್ಲಿನಿಕ್ಕಿನ ಬಲ್ಬು, ಬೀಗ, ಕುರ್ಚಿ, ಪೊರಕೆ ಎಲ್ಲದರ ಉಸ್ತುವಾರಿ ಅವನದು. ಮುಖತಃ ಮಾತಾಡುವುದಕ್ಕಿಂತ ಮೆಸೇಜು ಹಾಕಿದರೆ ಅವನಿಗೆ ಸಮಾಧಾನ. ಅವಳು ಹಾಕಿದಳು. "ಸರಿಮಾಡಿಸಿದ್ದೇನೆ" ಎಂದು ಉತ್ತರ ಬಂತು. ಸರಿಯಾಗಿರಲಿಲ್ಲ. ಮತ್ತೆ ಹಾಕಿದಳು. ಮತ್ತೆ "ಸರಿಮಾಡಿಸಿದ್ದೇನೆ." ತನಗೇ ತಿಳಿಯುತ್ತಿಲ್ಲವೇನೋ, ತಾನೇ ಎಲ್ಲೋ ತಪ್ಪು ಗುಂಡಿ ಒತ್ತುತ್ತಿರಬೇಕು ಎಂದು ಟೈಮಮ್ಮ ಒಳಗೊಳಗೇ ಕುಗ್ಗಿದ್ದಳು. ಈಗ ನೋಡಿದರೆ ಅಷ್ಟೂ ಸಲ ಬಂದದ್ದು ಸ್ಪ್ಯಾನರ್, ಬಿಚ್ಚಿದ್ದು ಪೈಪು.

ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ನಿನ್ನೆಯದನ್ನು ನುಂಗುವುದು ಹೇಗೆ?

ನಿನ್ನೆ ಬುಧವಾರ, ಸಂಜೆಯ ಪಾಳಿಯಲ್ಲಿ ಸ್ಟೇಷನ್ ತಾತ ಬಂದಿದ್ದರು. ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳುತ್ತಾ ತಲೆ ನೆರೆಸಿಕೊಂಡವರು. ಪಾರ್ಶ್ವವಾಯು ಹೊಡೆದು ಮಾತು ಹೋಯಿತು. ಹೋಗುವಾಗ ವಿಚಿತ್ರವಾಗಿ ಹೋಯಿತು: ನೀರು ಬೇಕು ಎನ್ನಲು ನಾಲಗೆ ಏಳದು, ಆದರೆ ಇದ್ದಕ್ಕಿದ್ದ ಹಾಗೆ "ಪ್ರಯಾಣಿಕರ ಗಮನಕ್ಕೆ" ಎಂಬುದು ಮಾತ್ರ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಬಾಯಿಂದ ಬೀಳುತ್ತಿತ್ತು. ಬಾಯಿಪಾಠ ಮಿದುಳಿನಲ್ಲಿ ಬೇರೆ ಕಡೆ ಬೇರು ಬಿಟ್ಟಿರುತ್ತದೆ, ಅಲ್ಲಿಂದಲೇ ಉಳಿದ ಮಾತನ್ನು ಎಳೆಯಬೇಕು ಎಂದು ಡಾಕ್ಟರು ಒಮ್ಮೆ ವಿವರಿಸಿದ್ದರು. ಅಜ್ಜಿಯ ಪದ್ಯಗಳನ್ನು ಇಂದಿಗೂ ನಿದ್ದೆಗಣ್ಣಲ್ಲೇ ಹೇಳಬಲ್ಲ ಟೈಮಮ್ಮನಿಗೆ ಅದನ್ನು ನಂಬುವುದು ಕಷ್ಟವಾಗಿರಲಿಲ್ಲ.

ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯ ಭುಜ ಹಿಡಿದು ಬಂದು, ಗಡಿಯಾರದ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕಂಪ್ಯೂಟರಿನಲ್ಲಿ ಅವರ ಹೆಸರು ಹಸಿರು ಪಟ್ಟಿಯಲ್ಲಿ ಇತ್ತು. ಬುಧವಾರ, ಇದೇ ಹೊತ್ತು. ಡಾಕ್ಟರು ಬರಲಿಲ್ಲ. ಕಟ್ಟಪ್ಪಣೆ ಮುರಿದು ಟೈಮಮ್ಮ ಫೋನ್ ಮಾಡಿದಳು; ಅದು ರಿಂಗಾಗಿ ರಿಂಗಾಗಿ ನಿಂತಿತು. ಕಿಟಕಿಯ ಬೆಳಕು ಕಂದಿತು. ಗುಡಿಸುವವಳು ಬಂದು ಕುರ್ಚಿಗಳನ್ನು ಮೇಲೆತ್ತಿ, ತಾತನ ಕುರ್ಚಿಯ ಹತ್ತಿರ ಬಂದು ಸುಮ್ಮನೆ ನಿಂತಳು.

"ನಾವೇ ದಿನ ತಪ್ಪಿ ಬಂದ್ವೇನೋ ತಾಯಿ?" ಎಂದು ತಾತನ ಹೆಂಡತಿ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು. "ಮನೇಲಿ ಬೆಳಿಗ್ಗೆ ದೊಡ್ಡ ರಾದ್ಧಾಂತ. ಮಗಳೂ ಅಳಿಯನೂ ಇವತ್ತಲ್ಲ ನಾಳೆ ಅಂತಾರೆ. ಇವರು ಗೋಡೆ ಕ್ಯಾಲೆಂಡರಿಗೆ ಹೋಗಿ ಬುಧವಾರದ ಮೇಲೆ ಬೆರಳಿಟ್ಟು ಕುಟ್ಟಿದ್ದೇ ಕುಟ್ಟಿದ್ದು. ಅಳಿಯ ಇವರೆದುರಿಗೇ ಹೇಳಿದ, ಮಾವನಿಗೆ ಈಗ ದಿನ ವಾರ ಏನೂ ತಿಳಿಯಲ್ಲ, ಒಬ್ಬರನ್ನೇ ಗೇಟಿನಾಚೆ ಬಿಡಬೇಡಿ ಅಂತ. ಮಾತು ಹೋದ್ರೆ ಬುದ್ಧೀನೂ ಹೋಯ್ತು ಅಂತಾನೇ ಅಂದ್ಕೋತಾರೆ, ನೋಡು. ಇವರಿಗೆ ಈಗ ಉಳಿದಿರೋದು ಅದೊಂದೇ. ದಿನ ತಪ್ಪಲ್ಲ, ಹೊತ್ತು ತಪ್ಪಲ್ಲ."

"ತಪ್ಪಿಲ್ಲಮ್ಮಾ," ಎಂದಿದ್ದಳು ಟೈಮಮ್ಮ. "ನಮ್ಮ ಕಡೆಯಿಂದಲೇ ಏನೋ ಆಗಿದೆ. ನಾಳೆ ಕೇಳಿ ಹೇಳ್ತೀನಿ."

ತಾತನಿಗೆ ಅದು ಕೇಳಿಸಿತೋ ಇಲ್ಲವೋ. ಎದ್ದು ನಿಂತು, ಅಂಗಿ ಎಳೆದು ಸರಿಮಾಡಿಕೊಂಡು, ಖಾಲಿ ಕುರ್ಚಿಗಳ ಕಡೆ ನೋಡುತ್ತಾ ಹೇಳಿದರು: "ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ."

ಒಂದಕ್ಷರ ತಡವರಿಸದೆ ಹೇಳಿದರು. ಕಾಯಿಸಿದವರು ಯಾರು, ಕ್ಷಮೆ ಕೇಳಿದವರು ಯಾರು. ಮನೆಗೆ ಹೋದ ಮೇಲೂ ಟೈಮಮ್ಮನಿಗೆ ಆ ದನಿ ಕಿವಿ ಬಿಟ್ಟು ಹೋಗಿರಲಿಲ್ಲ. ಸಂಜೆಯ ಪ್ರಾರ್ಥನೆಗೆ ಕೂತರೆ ಸಾಲುಗಳ ನಡುವೆ ಅದೇ ಬಂದು ಕೂರುತ್ತಿತ್ತು.

ಪ್ಲಂಬರನ್ನು ಬಾಗಿಲವರೆಗೆ ಬಿಟ್ಟು ತಿರುಗುವಷ್ಟರಲ್ಲಿ ಭಾವಮೈದ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಎರಡು ಫೋನು.

"ಏನು ಟೈಮಮ್ಮೋರೇ, ಸರಿಹೋಯ್ತಾ ನಿಮ್ಮ ಸಿಂಕು?"

"ಯಾವ ಸಿಂಕು ಸರ್?"

"ಯಾವ ಸಿಂಕು ಅಂದ್ರೆ? ಇರೋದು ಒಂದೇ ಅಲ್ವಾ? ಅದಕ್ಕೆ ಏನು ಹಾಕ್ತೀರೋ ಏನೋ ನೀವುಗಳು. ಚಹಾ ಸೊಪ್ಪೆಲ್ಲಾ ಅದರೊಳಗೇ ಸುರೀತೀರಿ."

"ನಾನು ಬರೆದಿದ್ದು ಕ್ಯಾಲೆಂಡರ್ ಸಿಂಕು. ಡಾಕ್ಟ್ರ ಮೊಬೈಲಿಗೂ ಈ ಕಂಪ್ಯೂಟರಿಗೂ ಇರಬೇಕಾದ್ದು."

ಅವನು ಬಾಯಿ ತೆರೆದವನು ಹಾಗೇ ನಿಂತ. ನಂತರ ಸುಧಾರಿಸಿಕೊಂಡ. "ಅದನ್ನ ಬಿಡಿಸಿ ಹೇಳಬೇಕು ತಾನೇ? ಸಿಂಕ್ ನಿಂತಿದೆ, ಒಂದರ ಮೇಲೊಂದು ಬೀಳ್ತಿದೆ ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ? ಯಾರಿಗಾದ್ರೂ ಲೋಟ ತಟ್ಟೆಯೇ ಕಣ್ಮುಂದೆ ಬರತ್ತೆ."

"ಒಂದು ಸಲ ಕೆಳಗಿಳಿದು ಬಂದು ಕೇಳಿದ್ರೆ ಹೇಳ್ತಿದ್ದೆ ಸರ್."

"ನೀವು ಮೇಲೆ ಹತ್ತಿ ಬಂದು ಹೇಳಬಹುದಿತ್ತಲ್ಲ?"

"ಹತ್ತಿ ಬಂದಿದ್ದೆ. ಮೆಸೇಜು ಹಾಕಿ ಅಂದ್ರಿ."

ಅವನು ಒಂದು ಫೋನಿನಿಂದ ಇನ್ನೊಂದು ಫೋನಿಗೆ ನೋಡಿಕೊಂಡ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು, ಡಾಕ್ಟರು ಒಳಗೆ ಬಂದರು. ಕೋಟು ತೆಗೆದು ತೋಳಿಗೆ ಹಾಕಿಕೊಂಡಿದ್ದರು. ಮುಖ ಬಿಗಿದಿತ್ತು.

"ನಿನ್ನೆ ಯಾರನ್ನೋ ಕಾಯಿಸಿ ಕಳಿಸಿದ್ರಂತೆ? ಅವರ ಅಳಿಯ ದೊಡ್ಡಾಸ್ಪತ್ರೆಯ ಆಫೀಸಿನಲ್ಲಿದ್ದಾರೆ. ಬೆಳಿಗ್ಗೆ ಎಲ್ಲರೆದುರಿಗೆ ನನ್ನನ್ನ ನಿಲ್ಲಿಸಿ, ಅಪಾಯಿಂಟ್‌ಮೆಂಟ್ ಗುರುವಾರ ತಾನೇ, ಮತ್ತೆ ನಿನ್ನೆ ಯಾಕೆ ಕಾಯಿಸಿದ್ರಿ ಅಂತ ಕೇಳಿದ್ರು. ನಂಗೆ ಏನು ಹೇಳಬೇಕು ಅಂತಲೇ ಗೊತ್ತಾಗಲಿಲ್ಲ. ಟೈಮಮ್ಮಾ, ನೀವು ಹಾಕಿದ್ದೇ ಇಲ್ಲ ನನ್ನ ಮೊಬೈಲಲ್ಲಿ."

"ಹಾಕಿದೀನಿ ಡಾಕ್ಟ್ರೇ. ಇಲ್ಲಿ ನೋಡಿ."

ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. ಹಸಿರು ಪಟ್ಟಿ ಬುಧವಾರದ ಮೇಲೆ ಕೂತಿತ್ತು. ಡಾಕ್ಟರು ತಮ್ಮ ಮೊಬೈಲು ತೆಗೆದು ಅದರ ಪಕ್ಕಕ್ಕೆ ಹಿಡಿದರು. ಅಲ್ಲಿ ಬುಧವಾರ ಖಾಲಿ, ಬೋಳು ಬೋಳು. ಒಂದೇ ಕ್ಲಿನಿಕ್ಕಿನ ಒಂದೇ ದಿನ, ಎರಡು ಗಾಜಿನಲ್ಲಿ ಎರಡು ತರ.

"ಒಂದು ನಿಮಿಷ ಕೊಡ್ತೀರಾ?" ಎಂದು ಟೈಮಮ್ಮ ಕೈ ಚಾಚಿದಳು.

ಇಂಥದ್ದರಲ್ಲಿ ಅವಳು ನುರಿತವಳೇನಲ್ಲ. ಸೆಟ್ಟಿಂಗಿನೊಳಗೆ ಹೋಗಿ, ದಾರಿ ತಪ್ಪಿ ವಾಪಸ್ ಬಂದು, ಮತ್ತೆ ಹೋದಳು. ಭಾವಮೈದ ಭುಜದ ಮೇಲಿಂದ ಇಣುಕುತ್ತಾ "ಅದಲ್ಲ, ಅದಲ್ಲ, ಕೆಳಗಿನದು" ಎನ್ನುತ್ತಿದ್ದ. ಕೊನೆಗೆ ಡಾಕ್ಟರ ಖಾತೆಯ ಹೆಸರಿನ ಕೆಳಗೆ ಕ್ಯಾಲೆಂಡರ್ ಎಂದು ಬರೆದ ಸಾಲು ಸಿಕ್ಕಿತು. ಅದರ ಪಕ್ಕದ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು.

"ಇದನ್ನ ಯಾರೋ ಆಫ್ ಮಾಡಿದಾರೆ," ಎಂದಳು.

ಡಾಕ್ಟರು ಬಗ್ಗಿ ನೋಡಿದರು. ಅವರ ಕಿವಿ ಸ್ವಲ್ಪ ಕೆಂಪಾಯಿತು. "ಓ, ಇದಾ. ಇದು ನಾನೇ. ನೀವು ಒಂದೊಂದು ಹೆಸರು ಹಾಕಿದಾಗಲೂ ಇದು ಟಣ್ ಟಣ್ ಅಂತಿತ್ತು. ಎದುರಿಗೆ ಕೂತವರಿಗೆ ಕಷ್ಟಪಟ್ಟು ಒಂದು ಪದ ಬಾಯಿಗೆ ಬಂದಿರತ್ತೆ, ಆಗಲೇ ಇದು ಟಣ್. ಪದ ಓಡಿಹೋಗತ್ತೆ. ಸದ್ದು ನಿಲ್ಲಿಸೋಣ ಅಂತ ಇದನ್ನ ಒತ್ತಿದೆ. ಸದ್ದು ಮಾತ್ರ ನಿಲ್ಲತ್ತೆ ಅಂದ್ಕೊಂಡಿದ್ದೆ."

ಟೈಮಮ್ಮನ ಸಿಟ್ಟು ಒಂದು ಗಳಿಗೆ ಕಾಲಿಡಲು ಜಾಗವಿಲ್ಲದೆ ನಿಂತಿತು. ರೋಗಿಯ ಬಾಯಿಯ ಪದ ಓಡಿಹೋಗಬಾರದು ಎಂದು ಮಾಡಿದ ಕೆಲಸ. ಇದಕ್ಕೆ ಯಾರನ್ನು ಬಯ್ಯುವುದು? ಅವಳು ಗುಂಡಿ ಒತ್ತಿದಳು. ಅದು ಹಸಿರಾಯಿತು. ಸ್ವಲ್ಪ ಹೊತ್ತು ಒಂದು ಚಕ್ರ ತಿರುಗಿತು. ಆಮೇಲೆ ಅವಳು ಇಷ್ಟು ಕಾಲ ಕೂತು ಹಾಕಿದ ಹೆಸರುಗಳೆಲ್ಲಾ ಒಂದರ ಹಿಂದೊಂದು ಮೊಬೈಲಿನೊಳಗೆ ಇಳಿಯತೊಡಗಿದವು. ಟಣ್, ಟಣ್, ಟಣ್. ಅವಳ ಅಂಗೈಯಲ್ಲಿ ಆ ಯಂತ್ರ ಮೈ ನಡುಗಿಸುತ್ತಲೇ ಇತ್ತು. ಕೊನೆಗೆ ನಿನ್ನೆಯ ಬುಧವಾರದ ಮೇಲೂ ಹಸಿರು ಪಟ್ಟಿ ಬಂದು ಕೂತಿತು. ಸ್ಟೇಷನ್ ತಾತ.

"ಸರಿ," ಎಂದರು ಡಾಕ್ಟರು, ಮೊಬೈಲು ವಾಪಸ್ ತೆಗೆದುಕೊಂಡು. "ಯಾರ ತಪ್ಪು ಅಂತ ಈಗ ಕೂತು ತೂಗೋದು ಬೇಡ. ಆದದ್ದಾಯ್ತು."

"ಆಯ್ತು ಡಾಕ್ಟ್ರೇ. ತಾತನ ಮನೆಯವರು ಫೋನ್ ಮಾಡ್ತಾರೆ. ಸರಿಯಾದ ದಿನಾನೇ ಬಂದಿದ್ರಿ, ನಮ್ಮಲ್ಲೇ ತಪ್ಪಾಗಿತ್ತು ಅಂತ ಹೇಳ್ತೀನಿ. ಬೇರೆ ದಿನ ಯಾವುದು ಕೊಡಲಿ?"

ಡಾಕ್ಟರು ಭಾವಮೈದನ ಮುಖ ನೋಡಿದರು. ಭಾವಮೈದ ಗಂಟಲು ಸರಿಮಾಡಿಕೊಂಡ.

"ಟೈಮಮ್ಮೋರೇ, ಆ ಹಸಿರು ಪಟ್ಟೀನ ಇವತ್ತಿಗೇ ಎಳೆದು ಇಟ್ಟುಬಿಡಿ. ಮೌಸಲ್ಲಿ ಹಿಡಿದು ಪಕ್ಕದ ಮನೆಗೆ ಎಳೆದ್ರೆ ಆಯ್ತು, ಗುರುವಾರ. ಈಗ ಸಿಂಕೂ ಆಗತ್ತಲ್ಲ, ಎರಡೂ ಕಡೆ ಒಂದೇ ಇರತ್ತೆ. ಯಾರು ಬಂದು ನೋಡಿದ್ರೂ ಗುರುವಾರಾನೇ."

"ಅಂದ್ರೆ?"

"ಅಂದ್ರೆ ಅವರು ಒಂದು ದಿನ ಮುಂಚೆ ಬಂದ್ರು ಅಂತ. ಅಳಿಯಾನೂ ಅದನ್ನೇ ಹೇಳ್ತಿದ್ರಂತೆ, ಅಪಾಯಿಂಟ್‌ಮೆಂಟ್ ಗುರುವಾರ ಅಂತ. ಅವರಿಗೂ ಸಮಾಧಾನ."

ಅವಳು ಡಾಕ್ಟರ ಕಡೆ ತಿರುಗಿದಳು, ಅವರು ತಡೆಯಬಹುದೆಂದು. ಡಾಕ್ಟರು ತಡೆಯಲಿಲ್ಲ.

"ನೋಡಿ, ಇದರಿಂದ ಯಾರಿಗೂ ನಷ್ಟ ಇಲ್ಲ," ಎಂದರು, ರೋಗಿಗಳ ಜೊತೆ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ. "ಇವತ್ತು ಸಂಜೆ ಬರಲಿ. ಎಷ್ಟು ಹೊತ್ತು ಬೇಕಾದ್ರೂ ಕೂತು ನೋಡ್ತೀನಿ. ಡಾಕ್ಟ್ರೇ ಬರಲಿಲ್ಲ ಅಂತಾದ್ರೆ ಅವರಿಗೆ ನನ್ನ ಮೇಲಿನ ನಂಬಿಕೆ ಹೋಗತ್ತೆ. ಈ ಚಿಕಿತ್ಸೆಗೆ ನಂಬಿಕೆಯೇ ಮುಖ್ಯ. ಪಾರ್ಶ್ವವಾಯು ಆದವರಿಗೆ ದಿನ ವಾರ ಮರೆತುಹೋಗೋದು ಸಹಜ. ದಿನ ತಪ್ಪಿತು ಅಂದ್ರೆ ಅವರೇನೂ ಬೇಜಾರು ಮಾಡ್ಕೊಳ್ಳಲ್ಲ."

ಟೈಮಮ್ಮನಿಗೆ ಕಿವಿಯಿಂದ ಕತ್ತಿನವರೆಗೆ ಬಿಸಿ ಇಳಿಯಿತು. ಸಿಟ್ಟು ಅವಳಿಗೆ ಒಗ್ಗುವ ಬಟ್ಟೆಯಲ್ಲ. ಹಾಕಿಕೊಂಡರೆ ತೋಳು ಉದ್ದ, ಕತ್ತು ಬಿಗಿ. ಆದರೂ ಈಗ ಅದನ್ನು ತೆಗೆದಿಡಲು ಅವಳಿಗೆ ಮನಸ್ಸು ಬರಲಿಲ್ಲ.

"ಅವರು ಮರೆತಿಲ್ಲ ಡಾಕ್ಟ್ರೇ," ಎಂದಳು. "ಮನೆಯವರೆಲ್ಲಾ ನಾಳೆ ಅಂದ್ರೂ ಅವರೊಬ್ಬರೇ ಬುಧವಾರದ ಮೇಲೆ ಬೆರಳಿಟ್ಟು ಕುಟ್ಟಿದಾರೆ. ಬಾಯಲ್ಲಿ ಹೇಳಕ್ಕಾಗದೆ ಬೆರಳಲ್ಲಿ ಹೇಳಿದಾರೆ. ಈಗ ನಾವು ಗುರುವಾರ ಅಂದ್ರೆ, ಅವರು ತಮ್ಮ ತಲೆಯನ್ನ ಇನ್ನು ಯಾವತ್ತೂ ನಂಬಲ್ಲ. ಮನೆಯವರು ಗೇಟಿಗೆ ಬೀಗ ಹಾಕ್ತಾರೆ. ಮಾತು ವಾಪಸ್ ತರಿಸ್ತೀವಿ ಅಂತ ಬೋರ್ಡು ಹಾಕ್ಕೊಂಡು ಕೂತಿರೋದು ನಾವು."

"ಇಷ್ಟು ದೊಡ್ಡದು ಮಾಡ್ಬೇಡಿ," ಎಂದ ಭಾವಮೈದ. "ಒಂದು ದಿನ ಆಚೆ ಈಚೆ. ಯಾರ ತಲೆ ಮೇಲೂ ಏನೂ ಬೀಳಲ್ಲ."

"ನೀವು ಸುಮ್ನಿರಿ ಸರ್. ನೀವು ಕರೆಸಿದವನು ಈಗತಾನೇ ಚೆನ್ನಾಗಿರೋದನ್ನ ಬಿಚ್ಚಿ ಹೋದ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಟೈಮಮ್ಮ ಇಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಬಾಗಿಲ ಹತ್ತಿರ ಒರೆಸುತ್ತಿದ್ದ ಗುಡಿಸುವವಳು ಕೂಡ ಕೋಲು ಊರಿ ನಿಂತುಬಿಟ್ಟಿದ್ದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಮೇಜಿನ ಎದುರಿಗೆ ಕೂತರು. ತಾವೇ ಮೌಸಿನ ಮೇಲೆ ಕೈಯಿಟ್ಟು ಹಸಿರು ಪಟ್ಟಿಯನ್ನು ಹಿಡಿದರು. ಅದು ಬುಧವಾರದ ಮನೆಯಿಂದ ಎದ್ದು, ಗೆರೆ ದಾಟಿ, ಗುರುವಾರದ ಮನೆಯಲ್ಲಿ ಹೋಗಿ ಕೂತಿತು. ಮರುಕ್ಷಣ ಅವರ ಜೇಬಿನಿಂದ ಟಣ್ ಎಂಬ ಸದ್ದು ಬಂತು. ಎಂಥಾ ಹೊಂದಾಣಿಕೆ. ಒಂದು ಕಡೆ ಸುಳ್ಳು ಹೇಳಿದರೆ ಇನ್ನೊಂದು ಕಡೆ ತಾನಾಗಿ ಹೂಂಗುಟ್ಟುತ್ತದೆ.

"ನೋಡಿ, ನೀವು ಮುಟ್ಟಲೇ ಇಲ್ಲ. ನಾನೇ ಮಾಡಿದೀನಿ," ಎಂದರು ಡಾಕ್ಟರು. "ನಿಮ್ಮ ಮೇಲೆ ಏನೂ ಇಲ್ಲ. ಹೇಳೋದೊಂದು ಬಾಕಿ, ಅಷ್ಟೇ."

"ಅದನ್ನೂ ನೀವೇ ಹೇಳಬಹುದಲ್ಲ ಡಾಕ್ಟ್ರೇ."

ಅವರು ಮೌಸನ್ನು ಪಕ್ಕಕ್ಕೆ ಸರಿಸಿದರು. "ಅವರು ನಿಮ್ಮ ಮಾತನ್ನ ನಂಬ್ತಾರೆ," ಎಂದರು ಆಮೇಲೆ.

ಆಗ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಟೈಮಮ್ಮ ಎತ್ತಿದಳು.

"ನಾನು ತಾಯಿ," ಎಂದಿತು ಆ ಕಡೆಯ ದನಿ. ತಾತನ ಹೆಂಡತಿ. "ನಿನ್ನೆ ಕೇಳಿ ಹೇಳ್ತೀನಿ ಅಂದಿದ್ದೆಯಲ್ಲ. ಇವರೂ ಇಲ್ಲೇ ಪಕ್ಕದಲ್ಲಿ ಕೂತಿದಾರೆ, ಕೇಳಿಸಲಿ ಅಂತ ಸ್ಪೀಕರ್ ಹಾಕಿದೀನಿ. ಬೆಳಿಗ್ಗೆಯಿಂದ ಊಟ ಮುಟ್ಟಿಲ್ಲ. ಕ್ಯಾಲೆಂಡರಿನ ಹತ್ರ ಹೋಗೋದು, ಬರೋದು, ಇದೇ ಆಗಿದೆ. ಮಗಳೂ, ಊಟಕ್ಕೆ ಬಂದ ಅಳಿಯನೂ ಇಲ್ಲೇ ಇದಾರೆ. ಸ್ವಲ್ಪ ಬಿಡಿಸಿ ಹೇಳಮ್ಮಾ, ನಮ್ಮದು ಯಾವ ದಿನ ಇತ್ತು?"

ಅವರ ದನಿಯ ಹಿಂದಿನಿಂದ ಇನ್ನೊಂದು ಉಸಿರು ಕೇಳಿಸಿತು. ಮಾತಿಲ್ಲದ, ಭಾರವಾದ, ಮುಂದಿನ ಸಾಲಿಗೆ ಕಾಯುವ ಉಸಿರು. ಅದು ಯಾರದೆಂದು ಟೈಮಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ರಿಸೀವರಿನ ಬಾಯಿಗೆ ಅಂಗೈ ಒತ್ತಿ ಹಿಡಿದಳು.

"ಗುರುವಾರ ಅನ್ನಿ," ಎಂದರು ಡಾಕ್ಟರು, ಮೇಜಿನ ಮೇಲೆ ಬಾಗಿ, ತಗ್ಗಿದ ದನಿಯಲ್ಲಿ. "ನಿನ್ನೆ ನೀವು ಒಂದು ದಿನ ಮುಂಚೆ ಬಂದಿದ್ರಿ, ಪರವಾಗಿಲ್ಲ, ಇವತ್ತು ಸಂಜೆ ಬನ್ನಿ ಅನ್ನಿ. ಎರಡೇ ಮಾತು. ನಾನು ಕೇಳ್ಕೊಳ್ತಿದೀನಿ."

"ಇಲ್ಲ ಡಾಕ್ಟ್ರೇ," ಎಂದಳು ಟೈಮಮ್ಮ. "ನಾನು ಹೇಳಲ್ಲ."